ರಿವೆಟ್ಟಿನ ತಲೆ ಎಷ್ಟು ದೊಡ್ಡದು?

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಇಂಗ್ಲೆಂಡಿನ ಸೂಪರ್‌ಮರೀನ್ ಕಂಪನಿಯ ಎಂಜಿನಿಯರುಗಳು ಒಂದು ವಿಚಿತ್ರವಾದ ಪ್ರಯೋಗವನ್ನು ಕೈಗೊಂಡರು. ಅವರು ನಿರ್ಮಿಸಿದ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನವು 1936ರ ಮಾರ್ಚ್ 5ರಂದು ಮೊದಲ ಸಲ ಹಾರಿತ್ತು. ಅದರ ಹೊರಮೈಯ ತಗಡುಗಳನ್ನು ಬಂಧಿಸುವ ರಿವೆಟ್ಟುಗಳ ತಲೆಗಳು ಮೇಲೆದ್ದು ನಿಲ್ಲದೆ ತಗಡಿನೊಳಗೇ ಹುದುಗಿ ಮೈಯೊಡನೆ ಸಮವಾಗಿರುವಂತೆ ಮಾಡಿದ್ದರು. ಇದು ನಿಧಾನದ ಕೆಲಸ, ವೆಚ್ಚವೂ ಹೆಚ್ಚು. ವಿಮಾನದ ಎಲ್ಲ ಭಾಗಗಳಲ್ಲಿಯೂ ಇಷ್ಟು ಶ್ರಮಪಡುವುದು ಅವಶ್ಯವೆ? ಇದನ್ನು ತಿಳಿಯಲು ಅವರು ಹುದುಗಿದ ರಿವೆಟ್ಟುಗಳ ಮೇಲೆ ಅಂಟು ಹಚ್ಚಿ, ಒಂದೊಂದಕ್ಕೂ ಒಂದೊಂದು ಬಟಾಣಿ ಬೇಳೆಯನ್ನು ಕೂರಿಸಿದರು! ಬೇಳೆಯ ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ಗುಂಡು. ರಿವೆಟ್ಟಿನ ಗುಂಡುತಲೆಗೆ ಇದಕ್ಕಿಂತ ಅಗ್ಗವಾದ ಪ್ರತಿನಿಧಿ ಸಿಕ್ಕುವುದು ಕಷ್ಟ. ಮೈತುಂಬ ಬೇಳೆಗಳನ್ನು ಹೊತ್ತು ಹಾರಿದ ವಿಮಾನದ ಪರಮಾವಧಿ ವೇಗವು ಗಂಟೆಗೆ ಸುಮಾರು 22 ಮೈಲಿಗಳಷ್ಟು ಕಡಮೆಯಾಯಿತು. ಆಮೇಲೆ ಬೇಳೆಗಳನ್ನು ಸಾಲುಸಾಲಾಗಿ ಕಿತ್ತು ಮತ್ತೆ ಮತ್ತೆ ಹಾರಿಸಿ, ಯಾವ ಜಾಗದಲ್ಲಿ ಗುಂಡುತಲೆಯಿದ್ದರೆ ಹಾನಿ ಹೆಚ್ಚು, ಯಾವ ಜಾಗದಲ್ಲಿ ಅಷ್ಟೊಂದಿಲ್ಲ ಎಂಬುದನ್ನು ಅವರು ಕಂಡುಕೊಂಡರು.

ವಿಮಾನ, ರೈಲು, ಹಡಗುಗಳ ಪುಟ್ಟ ಮಾದರಿಗಳನ್ನು ಕಟ್ಟುವ ಹವ್ಯಾಸವುಳ್ಳ ನಮ್ಮಂಥವರಿಗೆ ಈ ಬೇಳೆಯ ಕಥೆ ವಿಶೇಷವಾಗಿ ಹಿಡಿಸುತ್ತದೆ. ನಾವು ಪುಟ್ಟ ವಿಮಾನಕ್ಕೆ ಸುಳ್ಳು ರಿವೆಟ್ಟುಗಳನ್ನು ಹಚ್ಚುತ್ತೇವೆ. ಅವರು ನಿಜವಾದ ವಿಮಾನಕ್ಕೇ ಹಚ್ಚಿದರು. ಆದರೆ ಪ್ರಶ್ನೆ ಎರಡು ಕಡೆಯೂ ಒಂದೆ: ರಿವೆಟ್ಟು ಎಲ್ಲಿರಬೇಕು, ಎಷ್ಟು ದೊಡ್ಡದಾಗಿರಬೇಕು?

ರಿವೆಟ್ಟು ಎಂದರೇನೆಂಬುದನ್ನು ಬಹುಮಂದಿ ವಾಚಕರು ಬಲ್ಲರು. ಒಂದು ತುದಿಯಲ್ಲಿ ತಲೆಯುಳ್ಳ ಲೋಹದ ಗೂಟವನ್ನು ಎರಡು ತಗಡುಗಳ ರಂಧ್ರಗಳ ಮೂಲಕ ತೂರಿಸಿ, ಹೊರಬಂದ ಇನ್ನೊಂದು ತುದಿಯನ್ನು ಬಡಿದು ಅಲ್ಲಿಯೂ ತಲೆಯನ್ನು ಮಾಡಿದರೆ ಬಂಧನ ಪೂರ್ಣವಾಯಿತು. ಹಡಗು, ಸೇತುವೆ, ಬಾಯ್ಲರುಗಳ ಉಕ್ಕಿನ ರಿವೆಟ್ಟುಗಳನ್ನು ಕೆಂಪಗೆ ಕಾಯಿಸಿ ಬಡಿಯುತ್ತಿದ್ದರು. ಅದು ತಣಿಯುವಾಗ ಕುಗ್ಗಿ ತಗಡುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ವಿಮಾನದ ಅಲ್ಯೂಮಿನಿಯಂ ರಿವೆಟ್ಟುಗಳನ್ನಾದರೋ ಕಾಯಿಸದೆ ತಣ್ಣಗಿರುವಾಗಲೇ ಬಡಿಯುತ್ತಾರೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ವಿಮಾನಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಒಂದು ರಿವೆಟ್ಟಿನ ಗೂಟದ ವ್ಯಾಸ ಅಂಗುಲದ ಎಂಟನೆಯ ಒಂದು ಭಾಗ. ಅದರ ಗುಂಡುತಲೆಯ ವ್ಯಾಸ ಕಾಲು ಅಂಗುಲ, ಅಂದರೆ 6.35 ಮಿಲಿಮೀಟರು. ವಿಮಾನದ ಮಾದರಿಗಳಲ್ಲಿ ಬಹು ಜನಪ್ರಿಯವಾದ ಪ್ರಮಾಣ 72ಕ್ಕೆ 1. ಹಾಗಾದರೆ ಮಾದರಿಯ ಮೇಲೆ ಆ ತಲೆಯ ವ್ಯಾಸವು 0.09 ಮಿಲಿಮೀಟರಿಗೂ ತುಸು ಕಡಮೆ, ತಲೆಗೂದಲೊಂದರ ದಪ್ಪವೆನ್ನಬಹುದು. ಎತ್ತರವೋ, ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ಕುಂಚದಿಂದ ಬಳಿದ ಬಣ್ಣದ ಪದರವೊಂದೇ ಅದನ್ನು ಮುಚ್ಚಿಹಾಕಬಲ್ಲದು.

ಇದಕ್ಕೆ ತಿರುಗುಮುರುಗಾದ ಲೆಕ್ಕವೂ ಸ್ವಾರಸ್ಯವಾದುದೆ. ಹವ್ಯಾಸಿಯೊಬ್ಬನು ತನ್ನ ಮಾದರಿಯ ರೆಕ್ಕೆಯ ಮೇಲೆ ಅರ್ಧ ಮಿಲಿಮೀಟರು ಅಗಲದ ಚುಕ್ಕೆಗಳನ್ನು ಉಬ್ಬಿಸಿದನೆನ್ನೋಣ. ಅವು ನೋಡಲು ಅತಿ ಸೂಕ್ಷ್ಮವೆಂದೇ ತೋರುತ್ತವೆ. ಆದರೆ ಅದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಒಂದೊಂದೂ 36 ಮಿಲಿಮೀಟರು ಅಗಲದ ಗುಬ್ಬಿಯಾಗುತ್ತದೆ. ವಿಮಾನದ ಮೈತುಂಬ ಸೀಸೆಯ ಮುಚ್ಚಳಗಳನ್ನು ಬೋರಲು ಅಂಟಿಸಿದಂತೆ! ಬೇಳೆಯಿಂದಲೇ ಇಪ್ಪತ್ತೆರಡು ಮೈಲಿ ವೇಗ ಕುಗ್ಗಿದ ಮೇಲೆ ಇಂಥ ವಿಮಾನದ ಗತಿಯೇನೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ಕಣ್ಣಿನ ಮಾತು. ಒಳ್ಳೆಯ ಬೆಳಕಿನಲ್ಲಿ ಆರೋಗ್ಯವಂತ ಕಣ್ಣು ಸುಮಾರು ಒಂದು ಕಲೆಯಷ್ಟು, ಅಂದರೆ ಒಂದು ಅಂಶದ ಅರುವತ್ತನೆಯ ಒಂದು ಭಾಗದಷ್ಟು ಕೋನವನ್ನು ಬೇರ್ಪಡಿಸಿ ನೋಡಬಲ್ಲದು. ಮಾದರಿಯನ್ನು ನಾವು ಸಾಮಾನ್ಯವಾಗಿ 30 ಸೆಂಟಿಮೀಟರು ದೂರದಲ್ಲಿ ಹಿಡಿದು ನೋಡುತ್ತೇವೆ. ಆ ದೂರದಲ್ಲಿ ಒಂದು ಕಲೆಯೆಂದರೆ 0.087 ಮಿಲಿಮೀಟರು. ನಮ್ಮ ರಿವೆಟ್ಟಿನ ತಲೆ ಸರಿಯಾಗಿ ಈ ಗಡಿಯ ಮೇಲೆಯೇ ಬಂದು ಕುಳಿತಿದೆ! ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಬಹುದು. 72ಕ್ಕೆ 1ರ ಮಾದರಿಯನ್ನು 30 ಸೆಂಟಿಮೀಟರಿನಿಂದ ನೋಡುವುದೂ, ನಿಜವಾದ ವಿಮಾನವನ್ನು 21.6 ಮೀಟರು ದೂರದಲ್ಲಿ ನಿಂತು ನೋಡುವುದೂ ಒಂದೇ. ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ, 1961ರಲ್ಲಿ ಮೊದಲು ಹಾರಿದ ಮಾರುತ್ ವಿಮಾನವನ್ನು ಇರಿಸಿದ್ದಾರೆ. ಅದರಿಂದ ಮೂವತ್ತು ಹೆಜ್ಜೆಗಳಷ್ಟು ಹಿಂದೆ ಸರಿದು ನಿಂತು, ರಿವೆಟ್ಟುಗಳು ಬಿಡಿಬಿಡಿಯಾಗಿ ಕಾಣುತ್ತವೆಯೋ ಎಂದು ನೋಡಿರಿ. ಆಮೇಲೆ ಕೈಗೆಟುಕುವಷ್ಟು ಹತ್ತಿರಕ್ಕೆ ಹೋಗಿ ನೋಡಿರಿ. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ.

ಹಾಗಾದರೆ ಮಾದರಿಗೆ ರಿವೆಟ್ಟುಗಳೇ ಬೇಡವೆನ್ನೋಣವೆ? ಹಾಗಲ್ಲ. ಒಂಟಿ ರಿವೆಟ್ಟು ಕಾಣದಿದ್ದರೂ ರಿವೆಟ್ಟುಗಳ ಸಾಲು ಕಾಣುತ್ತದೆ. ದೂರದ ಮರದ ಎಲೆಗಳು ಕಾಣದಿದ್ದರೂ ಅದು ಎಲೆಬಿಟ್ಟ ಮರವೆಂದು ತಿಳಿಯುವುದಿಲ್ಲವೆ? ರಿವೆಟ್ಟು ಹೊಡೆದ ಕಡೆ ತಗಡು ಒಂದಿಷ್ಟು ಒಳಸರಿದು, ಸಾಲುಗಳ ನಡುವೆ ತುಸು ಉಬ್ಬಿರುತ್ತದೆ. ಓರೆಬೆಳಕು ಬಿದ್ದಾಗ ಮೈ ಅಲೆಯಲೆಯಾಗಿ ತೋರುತ್ತದೆ. ಸಾಲುಗಳ ಉದ್ದಕ್ಕೂ ಧೂಳೂ ಎಣ್ಣೆಯೂ ಕೂಡಿ ತೆಳ್ಳನೆಯ ಗೆರೆ ಮೂಡುತ್ತದೆ. ಮಾದರಿಯಲ್ಲಿ ನಾವು ತರಬೇಕಾದುದು ಈ ತೋರಿಕೆಯನ್ನು.

ರೈಲ್ವೆ ಎಂಜಿನುಗಳ ವಿಷಯವೇ ಬೇರೆ. ಉಗಿಯೆಂಜಿನಿನ ಹಿಂದೆ ಕಲ್ಲಿದ್ದಲು, ನೀರುಗಳನ್ನು ಹೊತ್ತು ಬರುವ ಟೆಂಡರನ್ನು ತೆಗೆದುಕೊಳ್ಳೋಣ. ಒಂದು ಅಂಗುಲ ಅಗಲದ ರಿವೆಟ್ಟು ತಲೆಯು, ಒಂದು ಅಡಿಗೆ 4 ಮಿಲಿಮೀಟರಿನ ಪ್ರಮಾಣದ ಮಾದರಿಯಲ್ಲಿ ಮಿಲಿಮೀಟರಿನ ಮೂರನೆಯ ಒಂದು ಭಾಗವಾಗುತ್ತದೆ. ಕಣ್ಣು ಇದನ್ನು ನಿರಾಯಾಸವಾಗಿ ಗುರುತಿಸುತ್ತದೆ. ಇಲ್ಲದಿದ್ದರೆ ಏನೋ ಕೊರತೆಯೆಂದು ಕೂಡಲೇ ಹೇಳುತ್ತದೆ.

ಇಲ್ಲಿ ನಮ್ಮದೇ ಒಂದು ಪೆಚ್ಚುತನವನ್ನು ಹೇಳಬೇಕಾಗಿದೆ. ಮೊದಲ ಸಲ ಉಗಿಯೆಂಜಿನಿನ ಮಾದರಿಯನ್ನು ಕಟ್ಟಿದಾಗ, ಹುಮ್ಮಸ್ಸಿನಲ್ಲಿ ಬಾಯ್ಲರಿನ ಉದ್ದಕ್ಕೂ ಸುತ್ತಲೂ ರಿವೆಟ್ಟುಗಳನ್ನು ಕೂರಿಸಿದೆವು. ಮೂರು ವಾರಗಳ ಕೆಲಸ. ಉಗಿಯೆಂಜಿನುಗಳ ಕಾಲದಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆವು. ಅವರು ಕನ್ನಡಕವನ್ನು ಹಣೆಗೇರಿಸಿ, ತಿರುಗಿಸಿ ತಿರುಗಿಸಿ ನೋಡಿ, "ಎಲ್ಲ ಚೆನ್ನಾಗಿದೆ ಕಣಪ್ಪ. ಆದರೆ ಪಾಪ, ಇದಕ್ಕೆ ಕಂಬಳಿ ಹೊದಿಸುವುದನ್ನೇ ಮರೆತಿದ್ದೀರಿ" ಎಂದರು. ಶಾಖ ವ್ಯರ್ಥವಾಗದಂತೆ ಬಾಯ್ಲರಿಗೆ ಉಷ್ಣನಿರೋಧಕದ ಹೊದಿಕೆಯನ್ನು ಸುತ್ತಿ, ಅದರ ಮೇಲೆ ನುಣುಪಾದ ತೆಳುತಗಡನ್ನು ಮುಚ್ಚಿರುತ್ತಾರೆ. ಒಳಗಿನ ರಿವೆಟ್ಟುಗಳು ಹೊರಗೆ ಕಾಣುವುದೆಂತು? ಕಾಣುವುದು ಮುಂದಿನ ಹೊಗೆಪೆಟ್ಟಿಗೆಯಲ್ಲಿ, ಚಾಲಕನ ಕೋಣೆಯಲ್ಲಿ, ಟೆಂಡರಿನಲ್ಲಿ. ಮೂರು ವಾರಗಳ ಕೆಲಸವನ್ನು ಒಂದು ಸಂಜೆ ಉಪ್ಪುಕಾಗದದಿಂದ ಉಜ್ಜಿ ತೆಗೆದೆವು.

ಅದೇ ಹಿರಿಯರು ಇನ್ನೊಂದು ಪಾಠವನ್ನೂ ಹೇಳಿದರು. ಬಾಯ್ಲರಿನಲ್ಲಿ ಉದ್ದನೆಯ ಬೆಸುಗೆಗೆರೆಯ ರಿವೆಟ್ಟುಗಳ ಸಾಲುಗಳು ಸುತ್ತುಗೆರೆಯ ಸಾಲುಗಳಿಗಿಂತ ಹೆಚ್ಚಾಗಿರುತ್ತವೆ. ಕಾರಣವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಹುದು: ಉರುಳೆಯೊಳಗೆ ಒತ್ತಡವಿದ್ದರೆ, ಅದನ್ನು ಉದ್ದಕ್ಕೆ ಸೀಳಲೆಳಸುವ ಕರ್ಷಣವು ಅಡ್ಡಲಾಗಿ ತುಂಡರಿಸಲೆಳಸುವ ಕರ್ಷಣದ ಎರಡರಷ್ಟಿರುತ್ತದೆ. ರಿವೆಟ್ಟುಗಳ ಜೋಡಣೆ ಅಲಂಕಾರವಲ್ಲ, ಬಲಗಳ ಲೆಕ್ಕ. ಟೆಂಡರಿನ ಹೊರಮೈಯಲ್ಲಿ ನೆಟ್ಟಗೆ ಇಳಿದುಬರುವ ಸಾಲು ಕಂಡರೆ, ಅದರ ಹಿಂದೆ ನೀರಿನ ಓಲಾಟವನ್ನು ತಡೆಯುವ ಒಳತಗಡೋ ಕೋನಪಟ್ಟಿಯೋ ಇದೆಯೆಂದು ತಿಳಿಯಬೇಕು. ವೆಲ್ಡಿಂಗ್ ಬಳಕೆಗೆ ಬಂದ ಮೇಲೆ ಕೆಲವು ಟೆಂಡರುಗಳು ನುಣ್ಣಗಾದವು. ಬ್ರಿಟನ್ನಿನ ಬ್ಲ್ಯಾಕ್ ಫೈವ್ ಎಂಬ ಒಂದೇ ಜಾತಿಯ ಎಂಜಿನುಗಳಲ್ಲಿ ಕೆಲವಕ್ಕೆ ರಿವೆಟ್ಟಿನ ಟೆಂಡರು, ಕೆಲವಕ್ಕೆ ವೆಲ್ಡಿಂಗಿನ ಟೆಂಡರು. ಆದಕಾರಣ ಛಾಯಾಚಿತ್ರವನ್ನು ನೋಡದೆ ಕೈಹಾಕಬಾರದು.

ವಿಮಾನಗಳಲ್ಲಿಯೂ ಹೀಗೆಯೇ. ರೆಕ್ಕೆಯ ಸಾಲುಗಳು ಒಳಗಿನ ತೊಲೆಗಳನ್ನೂ ಪಕ್ಕೆಲುಬುಗಳನ್ನೂ ಅನುಸರಿಸುತ್ತವೆ. ಡಕೋಟಾ ವಿಮಾನದ ಮೈಮೇಲೆ ಗುಂಡುತಲೆಗಳು ಧಾರಾಳವಾಗಿದ್ದವು. ಹರಿಕೇನ್ ವಿಮಾನದ ಹಿಂಬದಿಯ ಒಡಲಿಗೆ ಹೊದಿಸಿದ್ದು ಬಟ್ಟೆ. ಮಸ್ಕಿಟೋ ವಿಮಾನವಾದರೋ ಮರದ್ದು. ಬಟ್ಟೆಗೂ ಮರಕ್ಕೂ ರಿವೆಟ್ಟುಗಳ ಸಾಲು ಹೊಡೆದ ಮಾದರಿಗಳನ್ನು ನಾವು ಕಂಡದ್ದುಂಟು.

ಇನ್ನು ಕೈಕೆಲಸ. ಹುದುಗಿದ ರಿವೆಟ್ಟುಗಳಿಗೆ ಹಲ್ಲಿನ ಪುಟ್ಟ ಗಾಲಿಯನ್ನು ಉರುಳಿಸುವುದೇ ವಾಡಿಕೆ. ದರ್ಜಿಗಳು ಬಟ್ಟೆಯ ಮೇಲೆ ಗುರುತು ಮಾಡುವ ಗಾಲಿಯ ತಮ್ಮನೆನ್ನಬಹುದು. ಹಲ್ಲುಗಳ ಅಂತರ 0.75 ಮಿಲಿಮೀಟರು ಇದ್ದರೆ 72ಕ್ಕೆ 1ರಲ್ಲಿ ಅದು 54 ಮಿಲಿಮೀಟರಾಗುತ್ತದೆ. ನಿಜವಾದ ವಿಮಾನದಲ್ಲಿ ಅಂತರ ಅನೇಕ ಕಡೆ ಒಂದು ಅಂಗುಲದ ಆಸುಪಾಸು. ಎಂದರೆ ಅರ್ಧಕ್ಕರ್ಧ ರಿವೆಟ್ಟುಗಳನ್ನು ಬಿಟ್ಟಂತಾಯಿತು. ಈ ಸುಳ್ಳನ್ನು ಒಪ್ಪಿಕೊಳ್ಳಬಹುದೆಂದು ನಮ್ಮ ಅಭಿಪ್ರಾಯ. ಚುಕ್ಕೆಗಳು ದೊಡ್ಡವಾಗುವುದಕ್ಕಿಂತ ವಿರಳವಾಗುವುದು ಮೇಲು. ಗಾಲಿಯನ್ನು ಬರಿಗೈಯಲ್ಲಿ ಉರುಳಿಸದೆ, ಬಾಗುವ ಉಕ್ಕಿನ ಪಟ್ಟಿಯನ್ನೋ ದಪ್ಪ ಅಂಟುಪಟ್ಟಿಯನ್ನೋ ಆಸರೆಯಾಗಿಟ್ಟುಕೊಳ್ಳಬೇಕು. ಎದ್ದ ಅಂಚುಗಳನ್ನು ನುಣುಪಾದ ಉಪ್ಪುಕಾಗದದಿಂದ ತಿಕ್ಕಿ ಸಮಮಾಡಬೇಕು. 24ಕ್ಕೆ 1ರಂತಹ ದೊಡ್ಡ ಮಾದರಿಗಳಲ್ಲಿ ಅಕ್ಕಸಾಲಿಗರು ಹರಳು ಕೂರಿಸುವಾಗ ಬಳಸುವ, ತುದಿಯಲ್ಲಿ ಬಟ್ಟಲಿನಂತಹ ಕುಳಿಯುಳ್ಳ ಸಣ್ಣ ಸಲಾಕೆಯನ್ನು ಒತ್ತಿದರೆ ಪ್ಲಾಸ್ಟಿಕ್ಕಿನಲ್ಲಿ ಅಂದವಾದ ಉಂಗುರ ಮೂಡುತ್ತದೆ.

ಉಬ್ಬಿದ ತಲೆಗಳಿಗೆ ಹಿತ್ತಾಳೆಯ ತೆಳುತಗಡೇ ಉತ್ತಮ. ಕಾಲು ಮಿಲಿಮೀಟರು ದಪ್ಪದ ತಗಡಿನ ಬೆನ್ನಿಗೆ ಸಾಲನ್ನು ಗೀಚಿ, ಕೆಳಗೆ ಪುಟ್ಟ ರಂಧ್ರದ ಅಚ್ಚನ್ನಿಟ್ಟು, ಮೊಂಡುಮೊನೆಯ ಪಂಚಿನಿಂದ ಒಂದೇ ಸಮನೆ ಒತ್ತುತ್ತ ಹೋಗಬೇಕು. ಒತ್ತಿದಂತೆಲ್ಲ ತಗಡು ಹಿಗ್ಗಿ ಬಾಗುತ್ತದೆ. ಆದುದರಿಂದ ಮೊದಲು ರಿವೆಟ್ಟು, ಆಮೇಲೆ ಕತ್ತರಿ. ಈ ಕ್ರಮ ತಪ್ಪಿದರೆ ತುಂಡು ಕೈಯಲ್ಲೇ ಸುರುಳಿಯಾಗುತ್ತದೆ. ಪ್ಲಾಸ್ಟಿಕ್ಕಿನ ಮೇಲಾದರೆ ಸೂಜಿಯ ಮೊನೆಯಿಂದ ಬಿಳಿ ಅಂಟಿನ ಹನಿಗಳನ್ನಿಡಬಹುದು. ಒಣಗಿದಾಗ ಹನಿಯು ಕುಗ್ಗುವುದರಿಂದ ತುಸು ದೊಡ್ಡದಾಗಿಯೇ ಇಡಬೇಕು. ರಾಳದ ಗುಬ್ಬಿಗಳನ್ನು ಪಾರದರ್ಶಕ ಪೊರೆಯ ಮೇಲೆ ಸಾಲಾಗಿ ಅಚ್ಚೊತ್ತಿದ ಹಾಳೆಗಳೂ ಈಗ ಮಾರಾಟಕ್ಕಿವೆ. ಅವನ್ನು ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸಿದರಾಯಿತು.

ಬಣ್ಣವನ್ನು ಎಷ್ಟು ತೆಳ್ಳಗೆ ಹಾಕಿದರೆ ಅಷ್ಟು ಒಳ್ಳೆಯದು. ಅದು ಒಣಗಿದ ಮೇಲೆ, ಬಹಳ ತೆಳುಮಾಡಿದ ಕಂದುಬಣ್ಣವನ್ನು ಸಾಲುಗಳ ಮೇಲೆ ಹರಿಯಬಿಟ್ಟು, ಮೆತ್ತನೆಯ ಬಟ್ಟೆಯಿಂದ ಗಾಳಿ ಬೀಸುವ ದಿಕ್ಕಿನಲ್ಲಿ, ಎಂದರೆ ಮುಂದಿನಿಂದ ಹಿಂದಕ್ಕೆ, ಒರಸಬೇಕು. ಅನಂತರ ಮಾದರಿಯನ್ನು ಕಿಟಕಿಯ ಬಳಿ ಓರೆಬೆಳಕಿಗೆ ಹಿಡಿದು ನೋಡಿರಿ. ಮೊದಲ ನೋಟಕ್ಕೇ ರಿವೆಟ್ಟುಗಳು ಕಣ್ಣಿಗೆ ಹೊಡೆದರೆ, ಇನ್ನೊಮ್ಮೆ ಉಪ್ಪುಕಾಗದವನ್ನು ಕೈಗೆ ತೆಗೆದುಕೊಳ್ಳಬೇಕಾಗುತ್ತದೆ.