ಬೋಂಡ, ಬಜ್ಜಿ, ಬಜೆ



ಊರಿನಿಂದ ಹೊಸದಾಗಿ ಚೆನ್ನೈಗೆ ಬಂದ ಹುಡುಗನಿಗೆ ನಾವು ‘ಎರಡು ಬೋಂಡ ತಾ’ ಎಂದೆವು. ಅವನು ಎಳನೀರು ತರಲು ಹೊರಟ! ತುಳುವಿನಲ್ಲಿ ಬೊಂಡವೆಂದರೆ ಎಳನೀರು ತಾನೆ.

ಬಜ್ಜಿಯದೂ ಇದೇ ಕಥೆ. ಸಂಸ್ಕೃತದಲ್ಲಿ ‘ಭರ್ಜಿತ’ ಎಂದರೆ ಹುರಿದದ್ದು. ಹಿಂದಿಯ ಭಜಿಯಾ, ನಮ್ಮ ಬಜ್ಜಿ, ಗೋಳಿಬಜೆಯ ಬಜೆ ಎಲ್ಲವೂ ಆ ಮೂಲದವು. ಆದರೆ ಬದನೆ ಸುಟ್ಟು ಮೊಸರು ಬೆರೆಸಿದರೆ ಅದೂ ಬಜ್ಜಿಯೇ.

ನಗುವ ಮಾತಲ್ಲ. ಚೆನ್ನೈಯಲ್ಲಿ ಮೈಸೂರು ಬೋಂಡವೆಂದರೆ ಉದ್ದಿನದು. ಆಂಧ್ರದಲ್ಲಿ ಮೈದಾ, ಮೊಸರಿನದು. ಆಂಧ್ರದ ಹಿರಿಯರೊಬ್ಬರು ನಮ್ಮಲ್ಲಿ ತಟ್ಟೆಯನ್ನೇ ವಾಪಸು ಕಳಿಸಿದರು. ತಪ್ಪು ಅಡಿಗೆಯವರದಲ್ಲ, ನಮ್ಮ ಬೋರ್ಡಿನದು. ಗಿರಾಕಿ ಹಣ ಕೊಡುವುದು ಹೆಸರನ್ನು ನಂಬಿ. ಅಂದಿನಿಂದ ಹೆಸರಿನ ಕೆಳಗೆ ಯಾವ ಹಿಟ್ಟೆಂದು ಬರೆಸಿದ್ದೇವೆ. ತಾವೂ ಬರೆಸಿ ನೋಡಿ.