ಲಾಂಗ್ ರೈಡ್‌ಗೆ ಮುಂಚೆ ನೋವಿನ ಮಾತ್ರೆ ನುಂಗಬೇಕೆ? ಬೈಕ್ ಸೀಟಿನ ನೋವಿನ ಅಸಲಿ ಕಾರಣ

ದೀಪಾವಳಿಯೋ ಯುಗಾದಿಯೋ ಬಂತೆಂದರೆ ರೈಲಿನಲ್ಲಿ ಸೀಟು ಸಿಗುವುದಿಲ್ಲ, ಖಾಸಗಿ ಬಸ್ಸಿನ ಟಿಕೆಟ್ ದರ ಕೇಳಿದರೆ ತಲೆ ತಿರುಗುತ್ತದೆ. ಆಗ ಬೆಂಗಳೂರಿನಲ್ಲಿರುವ ಎಷ್ಟೋ ಮಂದಿ ಬೈಕಿನಲ್ಲೇ ಊರಿಗೆ ಹೊರಡುತ್ತಾರೆ. ಅದೇ ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ 'ಲಾಂಗ್ ರೈಡ್ ಮಾಡುವವರೇ ಗಮನಿಸಿ' ಎಂಬ ಧಾಟಿಯ ಸಂದೇಶಗಳೂ ಓಡಾಡಲು ಶುರುವಾಗುತ್ತವೆ. ನಮಗೆ ಬಂದ ಅಂಥದ್ದೊಂದರಲ್ಲಿ ನಾಲ್ಕು ಮಾತುಗಳಿದ್ದವು. ಹೊರಡುವ ಅರ್ಧ ಗಂಟೆ ಮುಂಚೆ ಒಂದು ನೋವಿನ ಮಾತ್ರೆ ತೆಗೆದುಕೊಳ್ಳಿ. ಪದೇ ಪದೇ ನಿಲ್ಲಿಸುವುದು ತಪ್ಪಲು ನೀರು ಕಡಿಮೆ ಕುಡಿಯಿರಿ. ಸೀಟಿಗೆ ಮೆತ್ತನೆಯ ಸ್ಪಂಜು ಹಾಕಿಸಿ. ಬಿಸಿ ಸೀಟಿನ ಮೇಲೆ ಕೂತರೆ ಮೂಲವ್ಯಾಧಿ ಗ್ಯಾರಂಟಿ, ಹುಷಾರು.

ನಮ್ಮ ತಂಡದವರೊಬ್ಬರು ಕಳೆದ ದೀಪಾವಳಿಗೆ ಹುಬ್ಬಳ್ಳಿಗೆ ಹೋಗುವಾಗ ಇದರಲ್ಲಿ ಮೊದಲ ಎರಡನ್ನು ಪಾಲಿಸಿದ್ದರು. ಸುಮಾರು 400 ಕಿಲೋಮೀಟರ್ ದಾರಿ, ಚಿತ್ರದುರ್ಗದಲ್ಲಿ ಒಂದೇ ಒಂದು ಸ್ಟಾಪ್. ನೋವೇನೋ ಅಷ್ಟಾಗಿ ಗೊತ್ತಾಗಲಿಲ್ಲವಂತೆ. ಆದರೆ ರಾಣೆಬೆನ್ನೂರು ಹತ್ತಿರ ಬರುವಾಗ ಕಣ್ಣು ಎಳೆದು, ಬೈಕು ರಸ್ತೆಯಂಚಿನ ಜಲ್ಲಿಗೆ ಇಳಿದಾಗಲೇ ಎಚ್ಚರವಾದದ್ದು. ಬೀಳಲಿಲ್ಲ, ಅಷ್ಟೇ. ಆಮೇಲೆ ಮಾತ್ರೆಯ ಹಿಂಬದಿ ಓದಿದರೆ, ಅದರಲ್ಲಿ ನೋವಿನ ಔಷಧಿಯ ಜೊತೆಗೆ ಸ್ನಾಯು ಸಡಿಲಿಸುವ ಔಷಧಿಯೂ ಇತ್ತು. ಬೆನ್ನುನೋವಿಗೆಂದು ನಮ್ಮಲ್ಲಿ ಮಾರಾಟವಾಗುವ ಇಂಥ ಜೋಡಿ ಮಾತ್ರೆಗಳು ಬಹಳ ಇವೆ. ಅವು ತೂಕಡಿಕೆ ತರುತ್ತವೆ, ತೆಗೆದುಕೊಂಡು ವಾಹನ ಓಡಿಸಬಾರದು.

ಮಾತ್ರೆಯ ವಿಷಯಕ್ಕೆ ಮತ್ತೆ ಬರೋಣ. ಅದಕ್ಕೆ ಮೊದಲು, ಸೀಟಿನ ಮೇಲೆ ಕೂತಾಗ ನೋವು ಯಾಕೆ ಬರುತ್ತದೆ ಅನ್ನುವುದನ್ನು ನೋಡಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ನಿಮ್ಮ ಅಂಗೈಗಳನ್ನು ಮೇಲ್ಮುಖ ಮಾಡಿ ಅದರ ಮೇಲೆ ಕೂತು ನೋಡಿ. ಎರಡು ಗಟ್ಟಿ ಉಬ್ಬುಗಳು ಕೈಗೆ ಒತ್ತುತ್ತವೆ. ಸೊಂಟದ ಎಲುಬಿನ ಕೆಳತುದಿಗಳು ಅವು, ಕೂರುವ ಮೂಳೆಗಳು ಅನ್ನಬಹುದು. ಕೂತಾಗ ಮೈಭಾರದ ಬಹುಪಾಲು ಈ ಎರಡು ಬಿಂದುಗಳ ಮೇಲೆ ಬೀಳುತ್ತದೆ. ಮೂಳೆಗೂ ಸೀಟಿಗೂ ನಡುವೆ ಸಿಕ್ಕಿಕೊಳ್ಳುವುದು ಚರ್ಮ, ಕೊಬ್ಬು, ಸ್ವಲ್ಪ ಮಾಂಸಖಂಡ. ಬಿಪಿ 120 ಎನ್ನುತ್ತೇವಲ್ಲ, ಅದೇ ಅಳತೆಯಲ್ಲಿ ಹೇಳುವುದಾದರೆ ಚರ್ಮದ ಅತಿ ಸಣ್ಣ ರಕ್ತನಾಳಗಳೊಳಗಿನ ಒತ್ತಡ 30ರ ಆಸುಪಾಸು ಮಾತ್ರ. ಗಟ್ಟಿ ಜಾಗದಲ್ಲಿ ಕೂತಾಗ ಮೂಳೆಯ ಕೆಳಗಿನ ಒತ್ತಡ ಇದರ ಹಲವು ಪಟ್ಟು ಏರಬಲ್ಲದು. ಆಗ ಆ ಜಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಆಮ್ಲಜನಕ ಸಾಲುವುದಿಲ್ಲ. ಅಲ್ಲಿನ ನರಗಳು 'ಸ್ವಲ್ಪ ಸರಿದು ಕೂರು' ಎಂದು ಮಿದುಳಿಗೆ ಹೇಳುತ್ತವೆ. ನಾವು ನೋವು ಅನ್ನುವುದು ಇದನ್ನೇ.

ಕುರ್ಚಿಯಲ್ಲಿ ಕೂತಾಗ ಈ ಮಾತನ್ನು ನಾವು ಅರಿವಿಲ್ಲದೆಯೇ ಕೇಳುತ್ತೇವೆ, ಕೆಲವು ನಿಮಿಷಕ್ಕೊಮ್ಮೆ ಅಲುಗಾಡುತ್ತಲೇ ಇರುತ್ತೇವೆ. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಬಳಸುವ ಎಷ್ಟೋ ಜನರಿಗೆ ಈ ಸೂಚನೆಯೇ ತಲುಪುವುದಿಲ್ಲ. ನೋವು ಗೊತ್ತಾಗದ್ದರಿಂದ ಅವರು ಕದಲುವುದಿಲ್ಲ, ಚರ್ಮ ಒಳಗಿನಿಂದ ಕೊಳೆತು ಹುಣ್ಣಾಗುತ್ತದೆ. ಅದಕ್ಕೇ 15ರಿಂದ 30 ನಿಮಿಷಕ್ಕೊಮ್ಮೆ ಮೈಭಾರ ಎತ್ತಿ ಬಿಡಬೇಕೆಂದು ಅವರಿಗೆ ಕಲಿಸಿಕೊಡಲಾಗುತ್ತದೆ. ನೋವಿನ ಮಾತ್ರೆ ನುಂಗಿ ಒಂದೇ ಭಂಗಿಯಲ್ಲಿ ನಾಲ್ಕು ಗಂಟೆ ಕೂರುವವರು, ದೇಹ ಕೊಡುತ್ತಿರುವ ಎಚ್ಚರಿಕೆಯ ಸದ್ದನ್ನು ದುಡ್ಡು ಕೊಟ್ಟು ಅಡಗಿಸುತ್ತಿದ್ದಾರೆ.

ಹಾಗಾದರೆ ಮೆತ್ತನೆಯ ಸ್ಪಂಜು? ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿದಾಗ ಹಾಯೆನಿಸುವ ಸ್ಪಂಜು ಹೈವೇಯಲ್ಲಿ ಒಂದು ಗಂಟೆಯ ನಂತರ ಕೈಕೊಡುತ್ತದೆ. ತೀರಾ ಮೆದುವಾದ ಫೋಮ್ ಮೈಭಾರಕ್ಕೆ ಪೂರ್ತಿ ಕುಗ್ಗಿಹೋಗುತ್ತದೆ. ಆಮೇಲೆ ಕೂರುವ ಮೂಳೆಗಳು ಸೀಟಿನ ತಳದ ಗಟ್ಟಿ ತಟ್ಟೆಗೇ ಒತ್ತುತ್ತವೆ, ಸುತ್ತಲಿನ ಮೆದು ಭಾಗವನ್ನು ಸ್ಪಂಜು ಬೇರೆ ಅಮುಕುತ್ತದೆ. ದೂರದ ಸವಾರಿಗೆ ಬೇಕಾದದ್ದು ಸ್ವಲ್ಪ ಬಿಗಿಯಾದ, ಅಗಲವಾದ, ಸಮತಟ್ಟಾದ ಸೀಟು. ಭಾರ ಹೆಚ್ಚು ಜಾಗಕ್ಕೆ ಹಂಚಿದಷ್ಟೂ ಒಂದೊಂದು ಬಿಂದುವಿನ ಒತ್ತಡ ಇಳಿಯುತ್ತದೆ. ಗಾಳಿ ತುಂಬಿದ ಸಣ್ಣ ಸಣ್ಣ ಗುಳ್ಳೆಗಳಿರುವ ಸೀಟ್ ಪ್ಯಾಡ್‌ಗಳೂ ಈ ತತ್ವದ ಮೇಲೇ ಕೆಲಸ ಮಾಡುತ್ತವೆ. ಗಾಲಿಕುರ್ಚಿಯ ದಿಂಬುಗಳಿಂದ ಬೈಕಿಗೆ ಬಂದ ಉಪಾಯ ಅದು. ಆದರೆ ಅದಕ್ಕೆ ಗಾಳಿ ಬಿಗಿಯಾಗಿ ತುಂಬಿದರೆ ಚೆಂಡಿನ ಮೇಲೆ ಕೂತ ಹಾಗಾಗುತ್ತದೆ. ಮೈ ಸ್ವಲ್ಪ ಒಳಗೆ ಇಳಿಯುವಷ್ಟು ಮಾತ್ರ ಗಾಳಿ ಇರಬೇಕು.

ಒತ್ತಡದ ಜೊತೆಗೆ ಬೆವರು ಮತ್ತು ಉಜ್ಜಾಟವೂ ಸೇರುತ್ತವೆ. ಬಿಸಿಲಲ್ಲಿ ನಿಂತ ಕಪ್ಪು ರೆಕ್ಸಿನ್ ಸೀಟು ಗಾಳಿಯಾಡಲು ಬಿಡುವುದಿಲ್ಲ. ನೆನೆದ ಚರ್ಮ ಬೇಗ ಕಿತ್ತುಬರುತ್ತದೆ, ಜೀನ್ಸಿನ ದಪ್ಪ ಹೊಲಿಗೆ ಸರಿಯಾಗಿ ಕೂರುವ ಜಾಗಕ್ಕೇ ಉಜ್ಜುತ್ತದೆ. ಹೊಲಿಗೆ ಒತ್ತದ, ಬೇಗ ಒಣಗುವ ಒಳಉಡುಪು ಹಾಕಿ ನೋಡಿ, ದುಬಾರಿ ಸೀಟಿಗಿಂತ ಅದೇ ಹೆಚ್ಚು ಉಪಕಾರ ಮಾಡಬಹುದು. ಟ್ಯಾಕ್ಸಿಗಳಲ್ಲಿ ಕಾಣುವ ಮರದ ಮಣಿಗಳ ಸೀಟ್ ಕವರ್ ನೋಡಿ ನಗುವವರಿದ್ದಾರೆ. ಮೈಗೂ ಸೀಟಿಗೂ ನಡುವೆ ಗಾಳಿಗೆ ದಾರಿ ಬಿಡುವುದರಲ್ಲಿ ಅದರದ್ದು ಒಳ್ಳೆಯ ವಿನ್ಯಾಸವೇ.

ಇಷ್ಟೆಲ್ಲ ಹೇಳಿದ ಮೇಲೆ ಮೂಲವ್ಯಾಧಿಯ ಮಾತು. ಮಲಬದ್ಧತೆ, ಶೌಚಾಲಯದಲ್ಲಿ ತಿಣುಕುವುದು, ಆಹಾರದಲ್ಲಿ ನಾರಿನಂಶ ಕಡಿಮೆಯಿರುವುದು, ಗರ್ಭಾವಸ್ಥೆ, ಇವು ಅದರ ಮುಖ್ಯ ಕಾರಣಗಳು. ಸೀಟಿನ ಬಿಸಿಯಿಂದಲೇ ಅದು ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆದರೆ ಈಗಾಗಲೇ ಇರುವವರಿಗೆ ಗಂಟೆಗಟ್ಟಲೆ ಕೂರುವುದು ತೊಂದರೆ ಹೆಚ್ಚಿಸಬಹುದು. ನೀರು ಕಡಿಮೆ ಕುಡಿದರೆ ಮಲ ಗಟ್ಟಿಯಾಗುತ್ತದೆ, ಅಂದರೆ ಸಂದೇಶದ ಎರಡನೇ ಸಲಹೆಯೇ ನಾಲ್ಕನೇ ಭಯಕ್ಕೆ ದಾರಿ ಮಾಡಿಕೊಡುತ್ತದೆ!

ಸೀಟಿಗೆ ನಿಜವಾಗಿ ನಂಟಿರುವ ಕಾಯಿಲೆ ಬೇರೊಂದಿದೆ. ಪೃಷ್ಠದ ಸೀಳಿನ ಮೇಲ್ಭಾಗದಲ್ಲಿ ಕೂದಲು ಚರ್ಮದೊಳಗೆ ಹೊಕ್ಕು ಕೀವು ಕಟ್ಟುವ ಹುಣ್ಣು ಅದು. ಎರಡನೇ ಮಹಾಯುದ್ಧದಲ್ಲಿ ಕುಲುಕಾಡುವ ವಾಹನಗಳಲ್ಲಿ ಓಡಾಡಿದ ಅಮೆರಿಕದ ಸೈನಿಕರಲ್ಲಿ 70 ಸಾವಿರಕ್ಕೂ ಹೆಚ್ಚು ಮಂದಿ ಇದಕ್ಕಾಗಿ ಆಸ್ಪತ್ರೆ ಸೇರಿದ್ದರು. 1944ರಲ್ಲಿ ಲೂಯಿ ಬ್ಯೂಯಿ ಎಂಬ ವೈದ್ಯರು ಅದನ್ನು 'ಜೀಪ್ ಕಾಯಿಲೆ' ಎಂದೇ ಕರೆದರು. ಅಲ್ಲಿ ಗಂಟು, ಕೆಂಪು, ಕೀವು ಕಂಡರೆ ಪೈಲ್ಸ್ ಎಂದುಕೊಂಡು ಮುಲಾಮು ಹಚ್ಚುತ್ತ ಕೂರದೆ ಸರ್ಜನ್‌ಗೆ ತೋರಿಸಿ.

ಈಗ ಮಾತ್ರೆಯ ಬಾಕಿ ಲೆಕ್ಕ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಔಷಧಿಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಚೆನ್ನಾಗಿ ನೀರು ಕುಡಿದ ಆರೋಗ್ಯವಂತರಿಗೆ ಒಂದು ಮಾತ್ರೆಯಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬಿಸಿಲು ಮತ್ತು ಗಾಳಿಗೆ ಮೈಯ ನೀರು ಆರುತ್ತಿರುವಾಗ, ಬೇಕೆಂದೇ ನೀರು ಬಿಟ್ಟಿರುವಾಗ ಪರಿಸ್ಥಿತಿ ಬೇರೆ. ಕೆಲವು ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಈ ಕೂಟ ಮೂತ್ರಪಿಂಡಕ್ಕೆ ದಿಢೀರ್ ಹಾನಿ ಮಾಡಬಲ್ಲದು. ನೀವು ಫಾರ್ವರ್ಡ್ ಮಾಡುವ ಫ್ಯಾಮಿಲಿ ಗ್ರೂಪಿನಲ್ಲಿ ಸ್ಕೂಟರಿನಲ್ಲೇ ಧರ್ಮಸ್ಥಳಕ್ಕೆ ಹೋಗಿಬರುವ, ಬಿಪಿ ಇರುವ ದೊಡ್ಡಪ್ಪನೂ ಇರಬಹುದು.

ಬದಲಿಗೆ ಏನು ಮಾಡುವುದು? ಮೂಳೆಯ ಕೆಳಗೆ ಮತ್ತೆ ರಕ್ತ ಹರಿಯಲು ಬಿಡುವುದು, ಅಷ್ಟೇ. ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಯಿರಿ. ಬೈಕಿಗೇ ಒರಗಿ ಮೊಬೈಲ್ ನೋಡುತ್ತ ನಿಲ್ಲುವುದು ನಡಿಗೆಯಲ್ಲ. ಓಡಿಸುವಾಗಲೂ ಮೊಣಕಾಲುಗಳಿಂದ ಟ್ಯಾಂಕ್ ಹಿಡಿದು, ಸ್ವಲ್ಪ ಭಾರವನ್ನು ಫುಟ್‌ರೆಸ್ಟಿಗೆ ಕೊಡಿ. ಆಗಾಗ ಒಂದಿಂಚು ಹಿಂದೆ, ಒಂದಿಂಚು ಮುಂದೆ ಸರಿಯಿರಿ. ಕಾಲು ಮುಂದಕ್ಕೆ ಚಾಚಿ ಕೂರುವ ಕ್ರೂಸರ್ ಬೈಕುಗಳಲ್ಲಿ ಕಾಲಿಗೆ ಭಾರ ಹಂಚಲು ಆಗುವುದಿಲ್ಲ, ಎಲ್ಲವೂ ಬೆನ್ನಿನ ಬುಡಕ್ಕೇ ಬೀಳುತ್ತದೆ. ಅಂಥವರು ಇನ್ನೂ ಬೇಗ ಬೇಗ ನಿಲ್ಲಿಸಬೇಕು. ಕೂತ ದೇಹ ಸೆಕೆಂಡಿಗೆ ನಾಲ್ಕರಿಂದ ಆರು ಬಾರಿಯ ಕುಲುಕಾಟಕ್ಕೆ ಅತಿ ಹೆಚ್ಚು ಅದುರುತ್ತದೆ. ಆದ್ದರಿಂದ ಟೈರಿನ ಗಾಳಿ ಕಂಪನಿ ಹೇಳಿದಷ್ಟೇ ಇರಲಿ. ಹಿಂದೆ ಜನ, ಲಗೇಜು ಇದ್ದರೆ ಹಿಂದಿನ ಶಾಕ್ ಅಬ್ಸಾರ್ಬರನ್ನು ಒಂದೆರಡು ಹಂತ ಬಿಗಿ ಮಾಡಿಸಿ. ಮೆಕ್ಯಾನಿಕ್‌ಗೆ ಎರಡು ನಿಮಿಷದ ಕೆಲಸ ಅದು.

ಹಿಂದೆ ಕೂತವರನ್ನು ಯಾರೂ ಕೇಳುವುದಿಲ್ಲ. ಅವರ ಸೀಟು ಚಿಕ್ಕದು, ಮುಂದಿನ ಗುಂಡಿ ಅವರಿಗೆ ಕಾಣುವುದಿಲ್ಲ. ಸೀರೆಯುಟ್ಟು ಒಂದೇ ಕಡೆಗೆ ಕಾಲು ಹಾಕಿ ಕೂತರೆ ಸೊಂಟ ತಿರುಚಿಕೊಂಡೇ ಇರುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವರೇ ನಿರ್ಧರಿಸಲಿ.

ಇಳಿದು ನಡೆದ ಮೇಲೂ ತೊಡೆಸಂದಿಯ ಜೋಮು ಹೋಗದಿದ್ದರೆ ವೈದ್ಯರನ್ನು ಕಾಣಿ. ಜೋಮಿನ ಜೊತೆಗೆ ಮೂತ್ರ ಕಟ್ಟಿದರೆ, ಅರಿವಿಲ್ಲದೆ ಮೂತ್ರ ಹೋದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಕೊಂಡಿರಬಹುದು.

ನಮ್ಮ ತಂಡದವರು ಹುಬ್ಬಳ್ಳಿಯಿಂದ ವಾಪಸ್ ಬರುವಾಗ ಹಾವೇರಿ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಎಂದು ಆರು ಕಡೆ ನಿಲ್ಲಿಸಿದರು. ಬೆಂಗಳೂರು ಮುಟ್ಟುವಾಗ ಹೋಗುವಾಗಿಗಿಂತ ಮುಕ್ಕಾಲು ಗಂಟೆ ಹೆಚ್ಚಾಗಿತ್ತು. ಅದರಲ್ಲಿ ಅರ್ಧ ದಾವಣಗೆರೆಯ ಬೆಣ್ಣೆ ದೋಸೆಗೆ ಹೋದದ್ದು.