ಹೊನ್ನಾವರದಲ್ಲಿ ಅನ್ನ ಬಡಿಸಿದವಳು

ಅನ್ನ, ತುಪ್ಪ, ಉಪ್ಪಿನಲ್ಲಿ ಹಾಕಿಟ್ಟ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. ಆಮೇಲೆ ಕೋಳಿ, ಮೀನು, ತರಕಾರಿ. ಕೊನೆಗೆ ಮೊಸರು, ಕುಡಿಯಲು ಬಿಸಿನೀರು. ಕುಮಟೆಯ ಯಾರದೋ ಮನೆಯ ಮಳೆಗಾಲದ ಊಟ ಎಂದುಕೊಂಡರೆ ತಪ್ಪಿಲ್ಲ. ಆದರೆ ಇದು 14ನೇ ಶತಮಾನದ ಹೊನ್ನಾವರದ್ದು. ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡು, ಅದನ್ನು ನೆನಪಿಟ್ಟು ಹೇಳಿದವನು ಮೊರಾಕ್ಕೊದ ಇಬ್ನ್ ಬತೂತ.

ಬಡಿಸಿದವಳು ರೇಷ್ಮೆ ಉಟ್ಟ ದಾಸಿ. ಕೈಯಲ್ಲಿ ದೊಡ್ಡ ತಾಮ್ರದ ಸಟ್ಟುಗ. ಹಾಕಿದ್ದು ಮುಗಿಯುತ್ತಲೇ ಇನ್ನೊಂದು ಸಟ್ಟುಗ ಅನ್ನ. ಅವಳ ಚೆಲುವು, ಉಡುಗೆ ಎರಡೂ ದಾಖಲಾಗಿವೆ. ಹೆಸರಿಲ್ಲ, ಊರಿಲ್ಲ, ಒಂದು ಮಾತೂ ಇಲ್ಲ. 1355ರಲ್ಲಿ ಬರೆಸಿ ಮುಗಿಸಿದ ಆ ಪ್ರವಾಸಕಥನದಲ್ಲಿ 'ನಾನು' ಅನ್ನುವವನು ಉಂಡವನು.

1801ರಲ್ಲಿ ಕಂಪನಿ ಸರ್ಕಾರದ ಸಮೀಕ್ಷೆಗೆಂದು ಫ್ರಾನ್ಸಿಸ್ ಬುಕಾನನ್ ಇದೇ ದಾರಿಯಲ್ಲಿ ಬಂದ. ಕೆನರಾ ಸೀಮೆಯಲ್ಲಿ ಗದ್ದೆ ಗೆಯ್ಯುವವರಲ್ಲಿ ಕೂಲಿಯಾಳು ಬೇರೆ, ಮೂಲದಾಳು ಬೇರೆ ಎಂದು ಅವನು ಗುರುತಿಸಿದ. ಮೂಲದಾಳು ಎಂದರೆ ಕೊಂಡ ಆಳು. ಅಂಥವರಿಗೆ ಒಡೆಯ ಏನೇನು ಕೊಡುತ್ತಾನೆ ಎಂಬ ಲೆಕ್ಕವೂ ಅವನ ಪುಸ್ತಕದಲ್ಲಿದೆ. ಎತ್ತಿನ ಮೇವಿನ ಲೆಕ್ಕದ ಹಾಗೆಯೇ ಅದನ್ನೂ ಓದಿಕೊಂಡು ಹೋಗಬಹುದು. ಓದುವಾಗ ಎಲ್ಲೂ ಮೈ ಉರಿಯುವುದಿಲ್ಲ.

ಅದೇ ಲೆಕ್ಕ ಆಳಿನ ಕೈಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ 1845ರಲ್ಲಿ ಬಂದ, ಅಮೆರಿಕದಲ್ಲಿ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಾಸ್‌ನ ಆತ್ಮಕಥೆ ನೋಡಬೇಕು. ತಿಂಗಳಿಗೆ ಎಂಟು ಪೌಂಡು ಹಂದಿಮಾಂಸ ಅಥವಾ ಅಷ್ಟೇ ಮೀನು, ಒಂದು ಬುಷೆಲ್ ಮೆಕ್ಕೆಜೋಳದ ಹಿಟ್ಟು. ಹೊಲಕ್ಕಿಳಿಯಲಾಗದ ಸಣ್ಣ ಮಕ್ಕಳಿಗೆ ವರ್ಷಕ್ಕೆ ಎರಡು ಒರಟು ಅಂಗಿ. ಅವು ಹರಿದರೆ ಮುಂದಿನ ಹಂಚಿಕೆಯ ದಿನದವರೆಗೆ ಬರಿಮೈ. ಆ ಮಕ್ಕಳಲ್ಲಿ ತಾನೂ ಒಬ್ಬ. ಅಳು, ಶಾಪ ಯಾವುದೂ ಇಲ್ಲದ ಪಟ್ಟಿ. ಓದುಗನನ್ನು ಅಲ್ಲಾಡಿಸುವುದು ಅದೇ. ಅಲ್ಲಿಯೇ ಗುಲಾಮಳಾಗಿದ್ದ ಹೆರಿಯೆಟ್ ಜೇಕಬ್ಸ್‌ಳದು (1861) ಬೇರೆ ವರಸೆ. ಅವಳು ಉತ್ತರದ ಬಿಳಿಯ ಹೆಂಗಸರನ್ನೇ ಎದುರು ಕೂರಿಸಿಕೊಂಡು, ನೀವೂ ತಾಯಂದಿರಲ್ಲವೇ ಎಂಬ ಧಾಟಿಯಲ್ಲಿ ಕೇಳುತ್ತಾಳೆ. ನನಗೆ ಡಗ್ಲಾಸ್‌ನ ಲೆಕ್ಕವೇ ಹೆಚ್ಚು ನಾಟುತ್ತದೆ. ಇಷ್ಟಾದರೂ ಅವನ ಪುಸ್ತಕಕ್ಕೆ ಇಬ್ಬರು ಬಿಳಿಯರು ಮೊದಲ ಪುಟಗಳಲ್ಲಿ ಸಾಕ್ಷಿ ಹೇಳಬೇಕಾಯಿತು.

ನಮ್ಮ ಕರಾವಳಿಯಲ್ಲಿ ಆಳಿನ ಬರಹಕ್ಕಿಂತ ಕಾನೂನು ಮೊದಲು ಬಂತು. ಆಳನ್ನು ಆಸ್ತಿ ಎಂದು ಕೋರ್ಟಿನಲ್ಲಿ ಸಾಧಿಸದಂತೆ ಕಂಪನಿ ಸರ್ಕಾರ 1843ರಲ್ಲೇ ತಡೆಯಿತು. ಆದರೆ ಸಾಲದ ಹೆಸರಿನ ಜೀತವನ್ನು ಕಾನೂನಿನಿಂದ ತೊಡೆಯಲು 1976 ಬರಬೇಕಾಯಿತು. ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದವರ ಸಂತತಿ ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿದೆ. ಅವರೇ ಸಿದ್ದಿಗಳು. ಅವರ ಡಮಾಮಿ ನಮಗೆ ವೇದಿಕೆಯ ಮೇಲಿನ ಕುಣಿತವಾಗಿ ಗೊತ್ತು, ಅಷ್ಟೇ.

ಕನ್ನಡದಲ್ಲಿ ಆಳಿನ ಮನೆಯವರು 'ನಾನು' ಎಂದು ಬರೆದದ್ದು ತೀರ ಈಚೆಗೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರದು. ಹೆಸರಿನಲ್ಲೇ ಚುಚ್ಚು ಇದೆ. ಸಿದ್ಧಲಿಂಗಯ್ಯನವರ 'ಊರು ಕೇರಿ'ಯಲ್ಲಿ ಚುಚ್ಚೂ ಇಲ್ಲ. ಹೊಲದಲ್ಲಿ ಇಬ್ಬರ ಹೆಗಲಿಗೆ ನೊಗ, ಹಿಂದೆ ಒಬ್ಬ ಉಳುತ್ತಿದ್ದಾನೆ, ನೋಡುವ ಹುಡುಗನಿಗೆ ಅದೊಂದು ಮೋಜು. ನೊಗ ಹೊತ್ತವರಲ್ಲಿ ಒಬ್ಬ ತನ್ನ ಅಪ್ಪ ಎಂಬುದನ್ನು ಅವರು ಹೇಳುವುದು ಆಮೇಲೆ. ಅಷ್ಟರಲ್ಲಿ ನಾವೂ ಆ ಮೋಜಿನಲ್ಲಿ ಪಾಲು ತೆಗೆದುಕೊಂಡಾಗಿರುತ್ತದೆ.

ಅದನ್ನು ಓದಿದ ಮೇಲೆ ಬತೂತನ ಪುಟಕ್ಕೆ ಮರಳಿದೆ. ತಟ್ಟೆ, ಸಟ್ಟುಗ, ತುಪ್ಪ, ಮೊಸರು, ಮಳೆಗಾಲದಲ್ಲಿ ತಣ್ಣೀರು ಯಾಕೆ ಕುಡಿಯಬಾರದು ಎಂಬುದರವರೆಗೆ ಎಲ್ಲವೂ ಇದೆ. ಬಡಿಸಿದವಳು ಯಾವಾಗ ಉಂಡಳು ಎಂಬುದೊಂದು ಇಲ್ಲ.